ಒಲೆ ಹೊಗೆಯುತ್ತಿದ್ದರೆ ಮೊದಲು ಸೌದೆ ನೋಡಿ

ಚಿಮಣಿಯಿರುವ ಕಬ್ಬಿಣದ ಒಲೆ ಹೊಗೆಯುತ್ತಿದ್ದರೆ ಬಹುಪಾಲು ತಪ್ಪು ಒಲೆಯದ್ದಲ್ಲ, ಹಸಿ ಸೌದೆಯದ್ದು. ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ ಹೊಗೆ ಪೂರ್ತಿ ಉರಿಯುವುದಿಲ್ಲ. ಕೊಳವೆಯ ತಣ್ಣನೆಯ ಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಮುಂದೆ ಚಿಮಣಿಯೊಳಗೆ ಬೆಂಕಿ ಹಿಡಿಯುವುದು ಆ ಅಂಟಿಗೇ. ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಲೇಬೇಕು. ತೇವಾಂಶ ಅಳೆಯುವ ಮೀಟರಿನ ಮೊನೆಯನ್ನು ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಿ ನೋಡಿ, ಹೊರಮೈ ಮೋಸ ಮಾಡುತ್ತದೆ. ಮೀಟರ್ ಇಲ್ಲವೇ? ಎರಡು ತುಂಡು ಬಡಿಯಿರಿ: ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ.

ಒಲೆ ಹೊತ್ತಿಸುವಾಗ ದಪ್ಪ ಸೌದೆ ಕೆಳಗೆ, ಚಕ್ಕೆ ಪುಳ್ಳೆ ಮೇಲೆ, ಬೆಂಕಿಯೂ ಮೇಲಿನಿಂದಲೇ. ಆಗ ಕೆಳಗಿನಿಂದೇಳುವ ಹೊಗೆ ಜ್ವಾಲೆಯನ್ನು ಹಾಯುವಾಗಲೇ ಉರಿದುಹೋಗುತ್ತದೆ. ಗಾಳಿಕಿಂಡಿ ಪೂರ್ತಿ ತೆರೆದಿರಲಿ. ದಪ್ಪ ತುಂಡುಗಳು ಚೆನ್ನಾಗಿ ಹತ್ತಿಕೊಂಡ ಮೇಲೆ ಸ್ವಲ್ಪ ಸ್ವಲ್ಪವೇ ಮುಚ್ಚಿ. ರಾತ್ರಿಯಿಡೀ ಉಳಿಯಲಿ ಎಂದು ಗಾಳಿ ಕಟ್ಟಿ ಕಮರಿಸುವುದು ದಯವಿಟ್ಟು ಬೇಡ. ಬೆಳಿಗ್ಗೆ ಬಾಗಿಲಿನ ಗಾಜು ಕಪ್ಪಾಗಿದ್ದರೆ ಚಿಮಣಿಯ ಒಳಗೂ ಅದೇ ಮಸಿ.

ಬೂದಿಯನ್ನು ಪೂರ್ತಿ ಬಳಿಯದೆ 2 ಸೆಂ.ಮೀ. ಉಳಿಸಿ, ಕೆಂಡ ನಿಲ್ಲುತ್ತದೆ. ತೆಗೆದದ್ದು ಮುಚ್ಚಳದ ಲೋಹದ ಬಕೆಟ್ಟಿಗೆ. ಅದರಲ್ಲಿ ಕಿಡಿ ಎರಡು ಮೂರು ದಿನವೂ ಬದುಕಿರಬಹುದು. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರಂ ಇರಲಿ, ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ ಶುಚಿ ಮಾಡಿಸಿ.