ಅಡ್ಡಡ್ಡ ತುಳಿ

22 ವರ್ಷದ ಮೇಲೆ ಮತ್ತೆ ಸೈಕಲ್. ಇವತ್ತು ಬೆಳಿಗ್ಗೆ ಚಾಮುಂಡಿ ಬೆಟ್ಟ.

ಅರ್ಧ ದಾರಿಗೇ ಉಸಿರು ಕಟ್ಟಿತು. ಚೈನು ಆಗಲೇ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಬಂದು ಕೂತಿತ್ತು, ಇನ್ನು ಇಳಿಸೋಕೆ ಗೇರೇ ಇಲ್ಲ. ತಿರುವಿನಲ್ಲಿ ಕಾಲು ಊರಿದೆ. ಕೆಳಗೆ ಲಲಿತಮಹಲ್ ಬೆಳ್ಳಗೆ, ಮಂಜಲ್ಲಿ ಅರ್ಧ.

ನಡೆದು ಇಳಿಯುತ್ತಿದ್ದ ಅಜ್ಜ ಒಬ್ಬರು ನಿಂತರು.
"ನೇರ ಹೋಗಬ್ಯಾಡ ಕಣಪ್ಪ. ಗಾಡಿ ಇಲ್ದಾಗ ಹಾವಿನಂಗೆ ಅಡ್ಡಡ್ಡ ತುಳಿ. ನಾವು ಹಾಲಿನ ಕ್ಯಾನು ಕಟ್ಕೊಂಡು ಹಂಗೇ ಏರು ಹತ್ತಿಸ್ತಿದ್ದೋ."

ತುಳಿದೆ. ದಾರಿ ಉದ್ದವಾಯಿತು, ಏರು ಮೆತ್ತಗಾಯಿತು. ತೊಡೆ ಉರಿ ಇಳಿಯಿತು.

ಬಾಡಿಗೆ ಸೈಕಲ್ಲಲ್ಲಿ ಒಳಪೆಡಲ್ ತುಳಿಯುತ್ತಿದ್ದ ಕಾಲದಲ್ಲಿ ಇದು ನನಗೂ ಗೊತ್ತಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಯಾವಾಗ ಮರೆತೆನೋ!

ನಂದಿಯ ಹತ್ತಿರ ಇಳಿದು ಕೈಮುಗಿದೆ. ಅಜ್ಜನ ಹೆಸರು ಕೇಳಲೇ ಇಲ್ಲ.