ನೆತ್ತಿಗೆ ಹತ್ತಿದ ಹಾಲು

ಉಣ್ಣುವಾಗ ಮಾತಾಡಬೇಡ, ನೆತ್ತಿಗೆ ಹತ್ತುತ್ತದೆ ಅಂತ ಮಕ್ಕಳನ್ನು ಗದರುತ್ತೇವಲ್ಲ, ಆ ಒಂದು ಮಾತಿನಲ್ಲಿ ಶರೀರಶಾಸ್ತ್ರದ ಪಾಠವೇ ಇದೆ. ಗಂಟಲಲ್ಲಿ ಎರಡು ದಾರಿ. ಹಿಂದೆ ಅನ್ನನಾಳ, ಮುಂದೆ ಶ್ವಾಸನಾಳ. ನುಂಗುವ ಆ ಒಂದು ಕ್ಷಣದಲ್ಲಿ ಮಾತ್ರ ಉಸಿರು ನಿಂತು, ಧ್ವನಿಪೆಟ್ಟಿಗೆ ಮೇಲೆದ್ದು, ಶ್ವಾಸನಾಳದ ಬಾಯಿ ಮುಚ್ಚಿಕೊಂಡು ಅನ್ನನಾಳ ತೆರೆಯುತ್ತದೆ. ಉಳಿದ ಹೊತ್ತೆಲ್ಲ ಅನ್ನನಾಳ ಬಿಗಿದುಕೊಂಡಿರುತ್ತದೆ, ಉಸಿರಿನ ದಾರಿ ತೆರೆದಿರುತ್ತದೆ. ಕಿರುಚಿ ದೊಡ್ಡದಾಗಿ ಉಸಿರೆಳೆದುಕೊಂಡಾಗಲಂತೂ ಬಾಗಿಲು ಪೂರ್ತಿ ತೆರೆದ ಹಾಗೆ.

ಜೈಲಿನಲ್ಲಿ ಅನ್ನ ಬಿಟ್ಟು ಕೂತವರಿಗೆ ಬಲವಂತವಾಗಿ ಉಣಿಸಹೊರಟಾಗ ನಡೆದ ಸಾವುಗಳನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಗೊತ್ತಿದ್ದರೆ ಸಾಕು.

ಉಪಕರಣದಲ್ಲಿ ಹೆದರುವಂಥದ್ದೇನೂ ಇಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ರೈಲ್ಸ್ ಟ್ಯೂಬ್ ಅನ್ನುತ್ತಾರೆ. 'ಮೂಗಿಗೆ ಪೈಪ್ ಹಾಕಿದ್ದಾರೆ' ಅಂತ ಮನೆಯವರು ಹೇಳುವುದೂ ಇದನ್ನೇ. ಮೂಗಿನ ತುದಿಯಿಂದ ಕಿವಿಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆದು ಗುರುತು ಹಾಕಿಕೊಳ್ಳುತ್ತಾರೆ. ವಯಸ್ಕರಲ್ಲಿ ಸುಮಾರು 50-60 ಸೆಂಟಿಮೀಟರ್. ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುವುದು ರೂಢಿ, ಒಂದು ಫ್ರೆಂಚ್ ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಉಣಿಸಲು 8ರಿಂದ 12 ಫ್ರೆಂಚಿನ ತೆಳ್ಳಗಿನ ಟ್ಯೂಬ್ ಸಾಕು. ತುದಿಗೆ ಜೆಲ್ ಸವರಿ, ರೋಗಿಯನ್ನು ನೆಟ್ಟಗೆ ಕೂರಿಸಿ, ಮೂಗಿನ ನೆಲದ ಗುಂಟ ಸೇರಿಸುತ್ತಾರೆ. ತುದಿ ಗಂಟಲಿಗೆ ಬಂದ ಮೇಲಿನ ಘಟ್ಟ ಮುಖ್ಯ. ರೋಗಿ ಗದ್ದವನ್ನು ಎದೆಯ ಕಡೆಗೆ ಬಾಗಿಸಬೇಕು, ಗುಟುಕು ಗುಟುಕಾಗಿ ನೀರು ನುಂಗಬೇಕು. ಪ್ರತಿ ಗುಟುಕಿಗೂ ನರ್ಸ್ ಒಂದಷ್ಟು ಮುಂದಕ್ಕೆ ತಳ್ಳುತ್ತಾರೆ. ಒಳಗೆ ಹೋದ ಮೇಲೆ ಸಿರಿಂಜಿನಿಂದ ಸ್ವಲ್ಪ ದ್ರವ ಎಳೆದು ಆಮ್ಲೀಯತೆ ತೋರಿಸುವ ಪಿಎಚ್ ಕಾಗದಕ್ಕೆ ಮುಟ್ಟಿಸಬೇಕು. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ತುದಿ ಜಠರದಲ್ಲಿದೆ. ಅನುಮಾನವಿದ್ದರೆ ಎಕ್ಸ್-ರೇ. ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಗುಳುಗುಳು ಕೇಳುವ ಹಳೆಯ ಪದ್ಧತಿಯನ್ನು ನಂಬುವ ಹಾಗಿಲ್ಲ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದೇ ಸದ್ದು ಬರಬಹುದು.

ಈಗ ಇದೇ ಕೆಲಸವನ್ನು ನಾಲ್ಕು ಜನ ಕೈಕಾಲು ಅದುಮಿ ಹಿಡಿದು, ಒಬ್ಬ ತಲೆಯನ್ನು ಹಿಂದಕ್ಕೆಳೆದು ಹಿಡಿದಾಗ ಮಾಡಿ ನೋಡಿ. ಗದ್ದ ಬಾಗುವುದಿಲ್ಲ. ಪ್ರಜ್ಞೆ ತಪ್ಪಿದವರಿಗೆ ಉಸಿರಾಟ ಸರಾಗವಾಗಲಿ ಅಂತ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ, ಇದು ಅದೇ ಭಂಗಿ. ಅಂದರೆ ಮುಚ್ಚಬೇಕಾದ ದಾರಿಯನ್ನೇ ತೆರೆದು ಕೊಟ್ಟಂತೆ. ಕೈದಿ ನುಂಗುವುದಿಲ್ಲ, ಏದುಸಿರು ಬಿಡುತ್ತಾನೆ. ಇನ್ನೊಂದು ತೊಡಕು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಟ್ಯೂಬ್ ದಾರಿ ತಪ್ಪಿದರೆ ರೋಗಿ ಕೆಮ್ಮುತ್ತಾನೆ, ಉಸಿರುಗಟ್ಟಿ ಒದ್ದಾಡುತ್ತಾನೆ, ಅದನ್ನು ಕಂಡು ನರ್ಸ್ ತಕ್ಷಣ ಹೊರಗೆಳೆಯುತ್ತಾರೆ. ಮೊದಲಿನಿಂದಲೂ ಕೆಮ್ಮಿ ಒದ್ದಾಡುತ್ತಿರುವವನಲ್ಲಿ ಈ ಎಚ್ಚರಿಕೆಯ ಗಂಟೆಗೆ ಅರ್ಥವೇ ಇಲ್ಲ. ಅಷ್ಟರಲ್ಲಿ ಹಾಲು ಸುರಿದಾಗಿರುತ್ತದೆ. ಟ್ಯೂಬ್ ಜಠರಕ್ಕೇ ಸೇರಿದ್ದರೂ, ಬೇಗ ಬೇಗ ಸುರಿದರೆ ವಾಂತಿ. ಅಂಗಾತ ಕಟ್ಟಿಹಾಕಿದವನ ವಾಂತಿ ಹೋಗುವುದೂ ಶ್ವಾಸಕೋಶಕ್ಕೇ. ಆಮೇಲೆ ನ್ಯುಮೋನಿಯಾ.

ಹಾಗಾಗಿ ಈ ವಿಧಾನದಲ್ಲಿ ರೋಗಿಯ ಒಪ್ಪಿಗೆ ಎನ್ನುವುದು ಜೆಲ್, ಸಿರಿಂಜುಗಳ ಸಾಲಿಗೇ ಸೇರಬೇಕಾದ ಸಾಮಾನು. ಅದಿಲ್ಲದೆ ಟ್ಯೂಬ್ ಸರಿಯಾದ ಕಡೆ ಹೋದರೆ ಅದು ಅದೃಷ್ಟ.

1933ರ ಮೇ 12ರಂದು ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ರಾಜಕೀಯ ಕೈದಿಗಳು ಉಪವಾಸಕ್ಕೆ ಕೂತರು. ಅವರಲ್ಲೊಬ್ಬ ಮಹಾವೀರ್ ಸಿಂಗ್. ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಭಗತ್ ಸಿಂಗ್ ಜೊತೆ ಆರೋಪಿಯಾಗಿದ್ದವನು, ಅಂಡಮಾನಿಗೆ ಹೋಗುವ ಮುನ್ನ ನಮ್ಮ ಬಳ್ಳಾರಿ ಜೈಲಿನಲ್ಲಿದ್ದವನು. ಮೇ 17ರಂದು ಸತ್ತ. ಲೆಕ್ಕ ಹಾಕಿದರೆ ಉಪವಾಸದ ಆರನೇ ದಿನ. ನೀರು ಕುಡಿಯುತ್ತಿರುವ ಗಟ್ಟಿಮುಟ್ಟಾದ ಆಳು ಆರು ದಿನಕ್ಕೆ ಹಸಿವಿನಿಂದ ಸಾಯುವುದಿಲ್ಲ. ಬಲವಂತದ ಹಾಲು ಶ್ವಾಸಕೋಶಕ್ಕೆ ಹೋಗಿತ್ತು. ಅದೇ ತಿಂಗಳು ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೊಯಿತ್ರ ಕೂಡ ಹೀಗೇ ಹೋದರು. ಐರಿಷ್ ನಾಯಕ ಥಾಮಸ್ ಆಶ್ 1917ರ ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಸತ್ತಾಗಲೂ ಉಪವಾಸಕ್ಕೆ ವಾರ ತುಂಬಿರಲಿಲ್ಲ. ಪ್ರಾಣ ಉಳಿಸಲು ಉಣಿಸಿದೆವು ಅನ್ನುವ ವಾದ ಈ ತಾರೀಖುಗಳ ಮುಂದೆ ನಿಲ್ಲುವುದಿಲ್ಲ.

ಅದೇ ಲಾಹೋರ್ ಮೊಕದ್ದಮೆಯ ಇನ್ನೊಬ್ಬ ಆರೋಪಿ ಜತಿನ್ ದಾಸ್ ಕಥೆ ಹೆಚ್ಚು ಜನರಿಗೆ ಗೊತ್ತು. 1929ರ ಜೂನ್ ಮಧ್ಯದಲ್ಲಿ ಭಗತ್ ಸಿಂಗ್, ಬಟುಕೇಶ್ವರ ದತ್ತ ಶುರು ಮಾಡಿದ ಉಪವಾಸಕ್ಕೆ ಲಾಹೋರಿನ ಉಳಿದ ಆರೋಪಿಗಳು ಜುಲೈ 13ರಂದು ಸೇರಿದರು. ಕೇಳಿದ್ದು ಯುರೋಪಿಯನ್ ಕೈದಿಗಳಿಗೆ ಸಿಗುವಂಥ ಊಟ, ಓದಲು ಪುಸ್ತಕ, ಪತ್ರಿಕೆ. ನೀರಿನ ಮಡಕೆಗಳಿಗೆ ಹಾಲು ತುಂಬಿಸಿಟ್ಟು ಬಾಯಾರಿಕೆಯಿಂದಲೇ ಉಪವಾಸ ಮುರಿಸಲು ಜೈಲಿನವರು ನೋಡಿದರು. ಟ್ಯೂಬ್ ಇಳಿಯದಿರಲಿ ಅಂತ ಕೆಂಪು ಮೆಣಸು ನುಂಗಿ ಬಿಸಿನೀರು ಕುಡಿದು ಗಂಟಲು ಕೆಡಿಸಿಕೊಂಡವರೂ ಇದ್ದರು. ಜುಲೈ ಕೊನೆಯ ಹೊತ್ತಿಗೆ ದಾಸ್‌ಗೆ ಹಾಕಿದ ಟ್ಯೂಬ್ ಶ್ವಾಸಕೋಶಕ್ಕೆ ಹೋಯಿತು. ಜಾಮೀನಿನ ಮೇಲೆ ಬಿಡುತ್ತೇವೆಂದರೂ ಒಪ್ಪಲಿಲ್ಲ. ಸೆಪ್ಟೆಂಬರ್ 13ರಂದು, 63ನೇ ದಿನ, ತೀರಿಕೊಂಡರು, ವಯಸ್ಸು 24. ಅದೇ ವಾರ ದಿಲ್ಲಿ-ಶಿಮ್ಲಾದ ಸರ್ಕಾರ ಏನು ಮಾಡುತ್ತಿತ್ತು? ಉಪವಾಸದಿಂದ ನಿತ್ರಾಣರಾದ ಆರೋಪಿಗಳು ಕೋರ್ಟಿಗೆ ಬರದಿದ್ದರೂ ವಿಚಾರಣೆ ನಡೆಸಲು ಅವಕಾಶ ಕೊಡುವ ಮಸೂದೆಯನ್ನು ಕೇಂದ್ರ ಶಾಸನಸಭೆಯಲ್ಲಿ ತಂದಿತ್ತು. ಜಿನ್ನಾ ಅದನ್ನು ಕಟುವಾಗಿ ವಿರೋಧಿಸಿದರು. ಸರ್ಕಾರದ ಚಿಂತೆ ಏನಿತ್ತು ಅನ್ನುವುದು ಆ ಮಸೂದೆಯಲ್ಲೇ ಕಾಣುತ್ತದೆ.

ಇತ್ತೀಚಿನ ಉದಾಹರಣೆ ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಬಂದೀಖಾನೆ ಗ್ವಾಂಟನಾಮೊ. 2013ರಲ್ಲಿ ಅಲ್ಲಿದ್ದ 166 ಬಂಧಿತರಲ್ಲಿ ಒಂದು ಹಂತದಲ್ಲಿ 106 ಮಂದಿ ಉಪವಾಸದಲ್ಲಿದ್ದರು, ನಲವತ್ತಕ್ಕೂ ಹೆಚ್ಚು ಮಂದಿಗೆ ಟ್ಯೂಬ್. ಪಟ್ಟಿಗಳಿದ್ದ ಕುರ್ಚಿಗೆ ಕೈಕಾಲು, ತಲೆ ಬಿಗಿದು, ದಿನಕ್ಕೆರಡು ಸಲ ಟ್ಯೂಬ್ ಹಾಕಿ ತೆಗೆಯುತ್ತಿದ್ದರು. ಉಣಿಸಿದ ಮೇಲೆ ವಾಂತಿ ಮಾಡಿಕೊಳ್ಳದಂತೆ ನೀರಿಲ್ಲದ ಸೆಲ್ಲಿನಲ್ಲಿ 45ರಿಂದ 60 ನಿಮಿಷ ಕಾವಲು. ಆಸ್ಪತ್ರೆಯಲ್ಲಿ ಒಮ್ಮೆ ಹಾಕಿದ ಟ್ಯೂಬನ್ನು ಮೂಗಿಗೆ ಅಂಟಿಸಿ ದಿನಗಟ್ಟಲೆ ಬಿಡುತ್ತಾರೆ, ಏಕೆಂದರೆ ಅಪಾಯವೂ ನೋವೂ ಇರುವುದು ಹಾಕುವ ಹೊತ್ತಿನಲ್ಲೇ. ಅದನ್ನು ದಿನಕ್ಕೆರಡು ಸಲ ಮಾಡುವುದಕ್ಕೆ ವೈದ್ಯಕೀಯ ಕಾರಣ ಹುಡುಕುವುದು ಕಷ್ಟ. 2014ರಲ್ಲಿ ನೌಕಾಪಡೆಯ ಒಬ್ಬ ನರ್ಸ್ ಈ ಕೆಲಸ ಮಾಡುವುದಿಲ್ಲ ಎಂದು ನಿರಾಕರಿಸಿದ್ದು ಸುದ್ದಿಯಾಯಿತು.

ಹಾಗಾದರೆ ವೈದ್ಯರು ಏನು ಮಾಡಬೇಕು? ವಿಶ್ವ ವೈದ್ಯಕೀಯ ಸಂಘದ 1975ರ ಟೋಕಿಯೊ ಘೋಷಣೆ, 1991ರ ಮಾಲ್ಟಾ ಘೋಷಣೆ ಎರಡೂ ದಾರಿ ಹೇಳಿವೆ. ಕಾವಲುಗಾರರಿಲ್ಲದೆ, ಸಹಕೈದಿಗಳೂ ಇಲ್ಲದೆ ಒಬ್ಬೊಬ್ಬರನ್ನೇ ಮಾತಾಡಿಸಬೇಕು. ಗುಂಪಿನ ಒತ್ತಡಕ್ಕೆ ಅನ್ನ ಬಿಟ್ಟವರೂ ಇರುತ್ತಾರೆ. ಪ್ರಜ್ಞೆ ತಪ್ಪಿದ ಮೇಲೆ ಏನು ಮಾಡಬೇಕೆಂದು ಮೊದಲೇ ಕೇಳಿ ಬರೆದಿಡಬೇಕು. ಬುದ್ಧಿ ಸ್ಥಿಮಿತದಲ್ಲಿದ್ದು ಬೇಡ ಅಂದವರಿಗೆ ಬಲವಂತದಿಂದ ಉಣಿಸಬಾರದು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮಾಲ್ಟಾದಷ್ಟು ದೂರ ಹೋಗಿಲ್ಲ, ಜೀವ ಉಳಿಸುವ ನಿಜವಾದ ಅಗತ್ಯವಿದ್ದರೆ ಉಣಿಸಬಹುದು ಅನ್ನುತ್ತದೆ. ಆದರೆ 2005ರಲ್ಲಿ ಉಕ್ರೇನಿನ ಪ್ರಕರಣವೊಂದರಲ್ಲಿ ಆ ಅಗತ್ಯವನ್ನೇ ತೋರಿಸದೆ ಕೈಕೋಳ, ಬಾಯಿ ಅಗಲಿಸುವ ಸಾಧನ, ರಬ್ಬರ್ ಟ್ಯೂಬ್ ಬಳಸಿದ್ದು ಚಿತ್ರಹಿಂಸೆ ಎಂದು ತೀರ್ಪು ಕೊಟ್ಟಿತು.

ಕೈದಿ ತಾನಾಗಿ ಉಪವಾಸ ಬಿಟ್ಟಾಗಲೂ ಅಪಾಯ ಮುಗಿಯುವುದಿಲ್ಲ. ಎಳನೀರು, ಸಿಹಿ, ಹಣ್ಣಿನ ರಸ ಅಂತ ಸಂಭ್ರಮದಲ್ಲಿ ಕೊಡುವುದು ನಮ್ಮಲ್ಲಿ ರೂಢಿ. ವಾರಗಟ್ಟಲೆ ಖಾಲಿಯಿದ್ದ ದೇಹಕ್ಕೆ ಸಕ್ಕರೆ ಬಿದ್ದೊಡನೆ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಕ್ಕೆ ನುಗ್ಗುತ್ತವೆ. ಹೃದಯದ ಬಡಿತ ತಪ್ಪುತ್ತದೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಬಳಿಕ ದಿನಕ್ಕೆ ಕಿಲೋ ತೂಕಕ್ಕೆ 10 ಕ್ಯಾಲರಿಯಿಂದ, ತೀರಾ ಬಳಲಿದವರಲ್ಲಿ 5ರಿಂದ ಆರಂಭಿಸಿ, ರಕ್ತಪರೀಕ್ಷೆ ಮಾಡುತ್ತಾ ನಿಧಾನಕ್ಕೆ ಏರಿಸಬೇಕು.

ಇನ್ನು ನಮ್ಮ ಕಾನೂನು. ಇಂಫಾಲ ಹತ್ತಿರದ ಮಾಲೋಮ್‌ನಲ್ಲಿ 2000ದ ನವೆಂಬರ್ 2ರಂದು ಅಸ್ಸಾಂ ರೈಫಲ್ಸ್ ಗುಂಡಿಗೆ 10 ಮಂದಿ ಸತ್ತ ಮೇಲೆ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಹೋಗಲಿ ಅಂತ ಅನ್ನ ಬಿಟ್ಟ ಇರೋಮ್ ಶರ್ಮಿಳಾ ಅವರ ಮೇಲೆ ಹಾಕಿದ್ದು ಐಪಿಸಿ 309, ಆತ್ಮಹತ್ಯೆ ಯತ್ನ. ಗರಿಷ್ಠ ಶಿಕ್ಷೆ ಒಂದು ವರ್ಷ. ಹಾಗಾಗಿ ವರ್ಷಕ್ಕೊಮ್ಮೆ ಬಿಡುಗಡೆ, ಒಂದೆರಡು ದಿನದಲ್ಲಿ ಮತ್ತೆ ಬಂಧನ, ಮತ್ತೆ ಮೂಗಿಗೆ ಟ್ಯೂಬ್. 2016ರ ಆಗಸ್ಟ್ 9ರಂದು ಜೇನುತುಪ್ಪ ನೆಕ್ಕುವವರೆಗೆ ಇದೇ ನಡೆಯಿತು. ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರನ್ನು ಬಿಟ್ಟು ಬಿಟ್ಟು ಹಿಡಿಯಲು 1913ರಲ್ಲಿ ತಂದ ಕಾಯ್ದೆಗೆ ಜನ 'ಬೆಕ್ಕು-ಇಲಿ ಕಾಯ್ದೆ' ಅಂತ ಹೆಸರಿಟ್ಟಿದ್ದರು. ಮಣಿಪುರದಲ್ಲಿ ಅಂಥ ಹೊಸ ಕಾಯ್ದೆಯ ಅಗತ್ಯವೂ ಬೀಳಲಿಲ್ಲ. ಇದು ಆತ್ಮಹತ್ಯೆ ಯತ್ನವಲ್ಲ ಎಂದು 2014ರ ಆಗಸ್ಟ್‌ನಲ್ಲಿ ಸೆಷನ್ಸ್ ಕೋರ್ಟ್ ಹೇಳಿ ಬಿಡುಗಡೆ ಮಾಡಿತು, ಎರಡೇ ದಿನಕ್ಕೆ ಮತ್ತೆ ಒಳಗೆ.

ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ ಅಂತ ಬಹಳ ಜನ ಸಮಾಧಾನಪಟ್ಟರು. 226ನೇ ಕಲಮನ್ನು ಓದಿ ನೋಡಿ. ಸರ್ಕಾರಿ ನೌಕರನನ್ನು ಕರ್ತವ್ಯದ ವಿಷಯದಲ್ಲಿ ಒತ್ತಾಯಿಸುವ ಅಥವಾ ತಡೆಯುವ ಉದ್ದೇಶದಿಂದ ಆತ್ಮಹತ್ಯೆಗೆ ಯತ್ನಿಸುವುದು ಈಗಲೂ ಅಪರಾಧ. ಸಾಮಾನ್ಯ ಜನರ ನೋವನ್ನು ಹೊರಗಿಟ್ಟು ಪ್ರತಿಭಟನೆಯನ್ನಷ್ಟೇ ಉಳಿಸಿಕೊಂಡ ಹಾಗಿದೆ. ಶಿಕ್ಷೆ ಅದೇ, ಒಂದು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಈ ಸಲ ಹೊಸದಾಗಿ ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ.