ಮೋಲಾ ಮಿಯಾ

ನಮ್ಮ ಕಾಲೇಜಿನಲ್ಲಿ ಬಿಇ ಮುಗಿಸಿ ನಾನು ಮುಂದೆ ಓದಲು ಇಟಲಿಯ ಬೆರ್ಗಮೊಗೆ ಹೋದೆ. ಎಂಜಿನಿಯರಿಂಗ್ ವಿಭಾಗ ಇದ್ದದ್ದು ಪಕ್ಕದ ದಾಲ್ಮಿನೆಯಲ್ಲಿ. ಅಲ್ಲಿ ಎಷ್ಟೋ ಪರೀಕ್ಷೆಗಳು ಬಾಯಿಮಾತಿನವೇ. ಪ್ರೊಫೆಸರ್ ಎದುರು ಕೂತು ಉತ್ತರ ಹೇಳಬೇಕು. 30ಕ್ಕೆ 18 ಬಂದರೆ ಪಾಸು. ಮೊದಲ ಪರೀಕ್ಷೆಯಲ್ಲೇ ನಾನು ಫೇಲಾದೆ. ಇಲ್ಲಿ ಫಸ್ಟ್ ಕ್ಲಾಸ್ ಬಿಟ್ಟು ಬೇರೆ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಲೂ ಧೈರ್ಯ ಬರಲಿಲ್ಲ.

ಅವತ್ತು ಸಂಜೆ ಲ್ಯಾಬಿನಲ್ಲಿ ಸುಮ್ನೆ ಕೂತಿದ್ದೆ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬಂದು, ಮೂಲೆಯಲ್ಲಿದ್ದ ಛತ್ರಿಯನ್ನು ತಲೆಕೆಳಗಾಗಿ ಹಿಡಿದರು. ಟೇಪಿನ ಉಂಡೆಯೊಂದನ್ನು ನೆಲಕ್ಕಿಟ್ಟರು. "ಕೊಸ್ತಾಂತಿನೊ ರೊಕ್ಕಾ ಗೊತ್ತೇನೋ?" ಅಂದರು. ಗೊತ್ತಿರಲಿಲ್ಲ.

ರೊಕ್ಕಾ ಗಾಲ್ಫ್ ಆಟಗಾರ, ಆ ಹಿರಿಯರದೇ ಊರಿನವರು, ಅಲ್ಮೆನ್ನೊ ಸಾನ್ ಬಾರ್ತೊಲೊಮಿಯೊ. ಹುಟ್ಟಿದ್ದು 1956ರಲ್ಲಿ. ಥರ್ಮೋಕೋಲ್ ಡಬ್ಬಿ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಊರಿನ ಗಾಲ್ಫ್ ಮೈದಾನದಲ್ಲಿ ಬೇರೆಯವರ ಬ್ಯಾಗು ಹೊತ್ತು ಆಟ ಕಲಿತರು. 1981ರಲ್ಲಿ ಗಾಲ್ಫನ್ನೇ ವೃತ್ತಿ ಮಾಡಿಕೊಂಡರು. ಯುರೋಪಿಯನ್ ಟೂರ್‌ನಲ್ಲಿ ಮೊದಲ ಗೆಲುವು ಬಂದದ್ದು 1993ರಲ್ಲಿ. ನಡುವೆ 12 ವರ್ಷ! ಅದೇ ವರ್ಷ, ಯುರೋಪ್ ಮತ್ತು ಅಮೆರಿಕ ತಂಡಗಳು ಸೆಣಸುವ ರೈಡರ್ ಕಪ್ ಆಡಿದ ಮೊದಲ ಇಟಲಿಯವರಾದರು. ಅಲ್ಲಿ 17ನೇ ಹೋಲ್‌ನಲ್ಲಿ ಒಂದು ಸಣ್ಣ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಏಟು, ತಪ್ಪಿತು, ಪಂದ್ಯ ಕೈಬಿಟ್ಟಿತು. ಯುರೋಪ್ ಸೋತಾಗ ಜನ ಅವರನ್ನೇ ದೂರಿದರು.

ಆದರೆ ಹಿರಿಯರು ಛತ್ರಿ ಹಿಡಿದದ್ದು 1995ರ ಕಥೆ ಹೇಳಲು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್, ಬ್ರಿಟಿಷ್ ಓಪನ್, ಕೊನೆಯ ದಿನದ ಕೊನೆಯ ಹೋಲ್. ಅಮೆರಿಕದ ಜಾನ್ ಡೇಲಿ ಆಗಲೇ ಆಟ ಮುಗಿಸಿ ಕಾಯುತ್ತಿದ್ದರು. ಸಮ ಮಾಡಲು ರೊಕ್ಕಾಗೆ ಬರ್ಡಿ ಬೇಕಿತ್ತು, ಅಂದರೆ ಆ ಹೋಲ್‌ಗೆ ನಿಗದಿಯಾದದ್ದಕ್ಕಿಂತ ಒಂದು ಏಟು ಕಡಿಮೆ. ಚೆಂಡು ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಹತ್ತಿರವೇ ಇತ್ತು. ಮೆಲ್ಲಗೆ ಎತ್ತಿ ಹೊಡೆದ ಏಟು, ಚಿಪ್, ಮಾತ್ರ ಕೆಟ್ಟಿತು, ಚೆಂಡು ಮುಂದಿನ ತಗ್ಗಿನಲ್ಲೇ ಉಳಿಯಿತು. ಆ ತಗ್ಗಿಗೆ 'ಪಾಪದ ಕಣಿವೆ' ಅಂತಲೇ ಹೆಸರು.

ಇಲ್ಲಿಗೆ ಬಂದಾಗ ಅವರು ಕಥೆ ನಿಲ್ಲಿಸಿದರು. ಟೇಪಿನ ಉಂಡೆಯನ್ನು ಬಾಗಿಲ ಬಳಿ ಇಟ್ಟರು. ಲ್ಯಾಬಿನ ಆ ತುದಿಯ ಗೋಡೆ ತೋರಿಸಿ, "ಇದರ ಎರಡರಷ್ಟು ದೂರ" ಅಂದರು. ಸುಮಾರು 20 ಮೀಟರ್. ರೊಕ್ಕಾ ಚೆಂಡು ಉರುಳಿಸುವ ಕೋಲು, ಪಟರ್, ತೆಗೆದುಕೊಂಡರು. ಚೆಂಡು ತಗ್ಗು ಹತ್ತಿ, ಉರುಳಿ ಉರುಳಿ ಕುಳಿಗೆ ಬಿತ್ತು. ರೊಕ್ಕಾ ನೆಲಕ್ಕೆ ಬಿದ್ದು ಎರಡೂ ಕೈಯಿಂದ ಹುಲ್ಲು ಗುದ್ದಿದರು. ಇದನ್ನು ಹೇಳುತ್ತಾ ಅರವತ್ತು ದಾಟಿದ ಆ ಮನುಷ್ಯ ಲ್ಯಾಬಿನ ನೆಲದ ಮೇಲೆ ಮಂಡಿಯೂರಿದ್ದರು. ಕಣ್ಣು ತುಂಬಿತ್ತು.

"ಗೆದ್ದರಾ?" ಕೇಳಿದೆ.

"ಇಲ್ಲ." ಸಮವಾದ್ದರಿಂದ ಆಡಿಸಿದ ನಾಲ್ಕು ಹೋಲ್‌ಗಳ ಪ್ಲೇಆಫ್‌ನಲ್ಲಿ ಡೇಲಿ ಗೆದ್ದರು. ರೊಕ್ಕಾ ಬಂಕರ್‌ನಿಂದ, ಅಂದರೆ ಮರಳಿನ ಗುಂಡಿಯಿಂದ, ಚೆಂಡು ತೆಗೆಯಲು ಮೂರು ಏಟು ಹೊಡೆಯಬೇಕಾಯಿತು.

ಎರಡು ತಿಂಗಳಿಗೇ ಅವರು ಮತ್ತೆ ರೈಡರ್ ಕಪ್‌ನಲ್ಲಿದ್ದರು. ಅಮೆರಿಕದ ಓಕ್ ಹಿಲ್‌ನ 6ನೇ ಹೋಲ್‌ನಲ್ಲಿ ಒಂದೇ ಏಟಿಗೆ ಚೆಂಡು ಒಳಗೆ. ಯುರೋಪ್ ಗೆದ್ದಿತು. 1997ರಲ್ಲಿ ಟೈಗರ್ ವುಡ್ಸ್‌ರನ್ನೇ ಸೋಲಿಸಿದರು. ಆ ಏಪ್ರಿಲ್‌ನಲ್ಲಿ ಇದೇ ವುಡ್ಸ್ ಮಾಸ್ಟರ್ಸ್ ಟೂರ್ನಿ ಗೆಲ್ಲುವಾಗ ಕೊನೆಯ ದಿನ ಜೊತೆಯಲ್ಲಿ ಆಡಿದ್ದು ಇದೇ ರೊಕ್ಕಾ.

ಹಿರಿಯರು ಎದ್ದು ಛತ್ರಿ ಮೂಲೆಗಿಟ್ಟರು. "ಮೋಲಾ ಮಿಯಾ" ಅಂದರು. ಬೆರ್ಗಮೊ ಆಡುಮಾತಿನಲ್ಲಿ 'ಬಿಡಬೇಡ' ಅಂತ. ಮುಂದಿನ ಸಲ ನನಗೆ 24 ಬಂತು. ಮೊದಲು ಹೇಳಿದ್ದು ಅವರಿಗೇ.

2018ರಲ್ಲಿ ಫ್ರಾಂಚೆಸ್ಕೊ ಮೊಲಿನಾರಿ ಬ್ರಿಟಿಷ್ ಓಪನ್ ಗೆದ್ದರು. ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಿಗೆ ಮೇಜರ್ ಅಂತಾರೆ, ಇಟಲಿಗೆ ಅದೇ ಮೊದಲ ಮೇಜರ್. ಖುಷಿಯಿಂದ ಆ ಹಿರಿಯರಿಗೆ ಫೋನ್ ಮಾಡಿದೆ. ಮೊಲಿನಾರಿ ಬಗ್ಗೆ ಎರಡು ನಿಮಿಷ ಮಾತಾಡಿದರು. ಆಮೇಲೆ, "ಆ ತಗ್ಗು ನೆನಪಿದೆಯೇನೋ?" ಅಂತ ಶುರು ಮಾಡಿದರು.